ಅತಿಥಿ ದೇವರಾದರೆ ಚಾದರ ಒಗೆಯುವವಳು ಯಾರು?

ಅತಿಥಿ ಅಂದರೆ ದೇವರು ಅಂತ ಸರ್ಕಾರವೇ ಡಂಗುರ ಸಾರಿದೆ. ಈ ದೇವರುಗಳ ಪರಿಚಯ ನಮಗೆ ಹಳೆಯದು. ದೇವರ ಹೆಸರಲ್ಲೇ ನಮ್ಮ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ಉಳ್ಳವರ ಪಾಲು ಮಾಡಿದ ನಾಡು ಇದು. ಅದನ್ನು ತಡೆಯೋಕೆ 1982ರಲ್ಲಿ ಕಾಯ್ದೆ ತರಬೇಕಾಯ್ತು. ಈಗಿನ ದೇವರು ಕಾರಿನಲ್ಲಿ ಬರ್ತಾನೆ, ಹೋಗುವಾಗ ಫೋನಿನಲ್ಲಿ ಮಾರ್ಕ್ಸು ಹಾಕಿ ಹೋಗ್ತಾನೆ. ಆ ಮಾರ್ಕ್ಸಿಗಾಗಿ ಮಾಲೀಕ ಹಲ್ಲು ಕಿರೀತಾನೆ. ಅವಮಾನ ನುಂಗಬೇಕಾದವಳು ಮಾತ್ರ ಹಾಸಿಗೆ ಚಾದರ ಒಗೆಯುವವಳು.

ಒಲ್ಲೆ ಅಂದರೆ ಏನಾಗ್ತದೆ? 2022ರ ಸೆಪ್ಟೆಂಬರಿನಲ್ಲಿ ಹೃಷಿಕೇಶದ ಹತ್ತಿರದ ರೆಸಾರ್ಟೊಂದರಲ್ಲಿ ಕೆಲಸಕ್ಕಿದ್ದ ಹತ್ತೊಂಬತ್ತರ ಅಂಕಿತಾ ಭಂಡಾರಿ, ಗಿರಾಕಿಗಳಿಗೆ 'ವಿಶೇಷ ಸೇವೆ' ಮಾಡಲಾರೆ ಅಂದಳು. ಹೆಣ ಕಾಲುವೆಯಲ್ಲಿ ಸಿಕ್ಕಿತು. ಮಾಲೀಕ ಮತ್ತು ಅವನ ಇಬ್ಬರು ನೌಕರರಿಗೆ 2025ರ ಮೇನಲ್ಲಿ ಜೀವಾವಧಿ ಶಿಕ್ಷೆಯಾಯ್ತು.

ದೂರದ ಮಾತು ಅನ್ನಬೇಡಿ. 2025ರ ಮಾರ್ಚ್ 6ರ ರಾತ್ರಿ, ಗಂಗಾವತಿ ತಾಲ್ಲೂಕಿನ ಸಾಣಾಪುರ. ಹೋಂಸ್ಟೇ ನಡೆಸುವ ಹೆಣ್ಣುಮಗಳೊಬ್ಬಳು ಅತಿಥಿಗಳನ್ನು ಕಾಲುವೆ ದಂಡೆಗೆ ಕರೆದೊಯ್ದಿದ್ದಳು. ಅವಳ ಮೇಲೂ ಇಸ್ರೇಲಿನ ಪ್ರವಾಸಿ ಹೆಣ್ಣಿನ ಮೇಲೂ ಅತ್ಯಾಚಾರವಾಯ್ತು. ನೀರಿಗೆ ತಳ್ಳಿಸಿಕೊಂಡ ಒಡಿಶಾದ ಯುವಕ ಸತ್ತ. ಹಂಪಿಯ ಹೆಸರು ಕೆಟ್ಟಿತು ಅಂತ ಅಳುವವರು ಅತ್ತರು. ಆ ಹೊತ್ತು ಅವಳು ಕೆಲಸದ ಮೇಲಿದ್ದಳು ಅಂತ ಎಷ್ಟು ಜನ ಹೇಳಿದರು?

ನಮ್ಮ ಸಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಅಡಿಕೆ ತೋಟದ ನಡುವೆ ಹೋಂಸ್ಟೇಗಳೆದ್ದಿವೆ. ಜೋಗ, ಉಂಚಳ್ಳಿ, ಯಾಣ ನೋಡಬಂದವರು ಉಳೀತಾರೆ. ಕಸ ಹೊಡೆಯೋಕೆ, ಚಾದರ ಒಗೆಯೋಕೆ ಕೂಲಿಯ ಹೆಣ್ಣು ಬೇಕು. ಅಡಿಗೆಮನೆಯ ಹೊಸಿಲಲ್ಲಿ ಅಡ್ಡ ಬರುವ ಮಡಿ, ಗಿರಾಕಿಯ ಕೋಣೆಗೆ ಅವಳನ್ನು ಕಳಿಸುವಾಗ ಎಲ್ಲಿ ಹೋಗ್ತದೆ ಸ್ವಾಮಿ?

2013ರ ಕಾಯ್ದೆ ದಿನಗೂಲಿಯವಳನ್ನೂ ನೌಕರಳು ಅಂತದೆ. ಮನೆಯನ್ನೂ ಕೆಲಸದ ಜಾಗ ಅಂತದೆ. ಅಲ್ಲಿಗೆ ಬರುವ ಹೊರಗಿನವರಿಂದ ಅವಳನ್ನು ಕಾಪಾಡೋದು ಮಾಲೀಕನ ಹೊಣೆ ಅಂತದೆ ಅದರ 19ನೇ ಕಲಮು. ಹತ್ತು ಜನರಿಗಿಂತ ಕಡಿಮೆ ಇದ್ದ ಕಡೆ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು, ಮೂರು ತಿಂಗಳೊಳಗೆ, ಬರಹದಲ್ಲಿ. ಜಿಲ್ಲಾಕೇಂದ್ರ ಕಾರವಾರ, ಘಟ್ಟದ ಕೆಳಗೆ. ತ್ಯಾಗಲಿಯ ಕೂಲಿಯವಳು ಒಂದು ದಿನದ ಪಗಾರ ಬಿಟ್ಟು, ಬಸ್ಸು ಹತ್ತಿ, ಇಳಿದು, ಯಾರ ಬಾಗಿಲು ತಟ್ಟಬೇಕು?

ಅದಕ್ಕೇ ತಾಲ್ಲೂಕಿಗೊಬ್ಬ ನೋಡಲ್ ಅಧಿಕಾರಿ ಇರಬೇಕು ಅಂತ ಅದೇ ಕಾಯ್ದೆ ಹೇಳ್ತದೆ. ಸಿದ್ದಾಪುರದಲ್ಲಿ ಅವರು ಯಾರು? ಅವರ ಹೆಸರು, ನಂಬರು ಪ್ರತಿ ಹೋಂಸ್ಟೇಯಲ್ಲಿ ಬರೆಸಿ. ಗಿರಾಕಿಯ ಸ್ವಾಗತ ಫಲಕದಲ್ಲಲ್ಲ, ಅವಳು ಬಟ್ಟೆ ಒಗೆಯುವ ಕಲ್ಲಿನ ಎದುರು ಗೋಡೆಯ ಮೇಲೆ, ದಪ್ಪ ಕನ್ನಡ ಅಕ್ಷರದಲ್ಲಿ.