ಬಾಗಿಲ ಮರೆಯಲ್ಲಿ ನಿಂತವರು

ವರನಟ ಡಾ. ರಾಜ್‌ಕುಮಾರ್ ಹುಟ್ಟಿದ ಗಾಜನೂರು ನಮ್ಮ ತಾಳವಾಡಿ ಸೀಮೆಯದು. ಜಿಲ್ಲೆ ಈರೋಡಾದರೂ ಈ ಬೆಟ್ಟದ ಜನರ ಆಡುಮಾತು ಕನ್ನಡವೇ. ಆದ್ದರಿಂದ ಅವರ ಚಿತ್ರವೊಂದರಿಂದಲೇ ಈ ತಿಂಗಳ ಮಾತು ಆರಂಭಿಸೋಣ. 1968ರಲ್ಲಿ ತೆರೆಕಂಡ ‘ಹಣ್ಣೆಲೆ ಚಿಗುರಿದಾಗ’ ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದ್ದು. ನಾಯಕಿ ಕಲ್ಪನಾ. ವಿಧವೆಯ ಮರುಮದುವೆಯೇ ಅದರ ವಸ್ತು. ಹಿಂದೂ ವಿಧವೆಯರ ಮರುಮದುವೆಗೆ ಕಾನೂನು ಒಪ್ಪಿಗೆ ಕೊಟ್ಟದ್ದು 1856ರಲ್ಲಿ. 112 ವರ್ಷ ಕಳೆದರೂ ಅದನ್ನು ಸಿನಿಮಾ ಮಾಡಿ ಜನರಿಗೆ ಹೇಳಬೇಕಾಗಿತ್ತು!

ಆದರೆ ನೋಡಿದವರ ನಿದ್ದೆ ಕೆಡಿಸಿದ ಚಿತ್ರವೆಂದರೆ ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977). ಯು.ಆರ್. ಅನಂತಮೂರ್ತಿಯವರ ಕಥೆ, ಸ್ವರ್ಣಕಮಲ ಪಡೆದ ಚಿತ್ರ. ವೇದಪಾಠ ಹೇಳುವ ಉಡುಪರ ಮಗಳು ಯಮುನಾ ಚಿಕ್ಕ ವಯಸ್ಸಿಗೇ ವಿಧವೆ. ಅವಳು ಗರ್ಭಿಣಿಯಾದಾಗ, ಕಾರಣನಾದ ಗಂಡಸು ಊರು ಬಿಟ್ಟು ಹೋಗುತ್ತಾನೆ. ತಂದೆ ಬದುಕಿರುವ ಮಗಳಿಗೇ ಶ್ರಾದ್ಧ ಮಾಡಿ ಮಡಕೆ ಒಡೆಯುತ್ತಾರೆ. ತಲೆ ಬೋಳಿಸಿ ಹೊರಗೆ ಹಾಕಿದ ಅವಳನ್ನು ಕಡೆಗೆ ನೋಡುವವನು ನಾಣಿ ಎಂಬ ಪುಟ್ಟ ಹುಡುಗ. ಅಷ್ಟರಲ್ಲಿ ವಿಧುರರಾದ ಉಡುಪರಿಗೆ ಹದಿಹರೆಯದ ಹುಡುಗಿಯೊಂದಿಗೆ ಮದುವೆಯ ಮಾತು ನಡೆದಿರುತ್ತದೆ. ಒಂದೇ ಮನೆ, ಇಬ್ಬರೂ ಸಂಗಾತಿಯನ್ನು ಕಳೆದುಕೊಂಡವರು. ಒಬ್ಬರಿಗೆ ಮದುವೆಯ ಚಪ್ಪರ, ಇನ್ನೊಬ್ಬಳಿಗೆ ಬೀದಿ.

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ನನ್ನು ಪ್ರೇಮಾ ಕಾರಂತರು 1983ರಲ್ಲಿ ತೆರೆಗೆ ತಂದರು. ಬಾಲವಿಧವೆಯಾಗಿ ಕೂದಲು ಕಳೆದುಕೊಂಡು ಮಡಿಯಲ್ಲೇ ಬಾಳಿದ ಆ ಮುದುಕಿ, ತಲೆ ಬೋಳಿಸಿಕೊಳ್ಳಲೊಲ್ಲದ ಇನ್ನೊಬ್ಬ ಎಳೆಯ ವಿಧವೆಯ ಪರ ನಿಲ್ಲುತ್ತಾಳೆ. ದೀಪಾ ಮೆಹ್ತಾ ಅವರ ‘ವಾಟರ್’ ಚಿತ್ರೀಕರಣವನ್ನು 2000ರಲ್ಲಿ ಕಾಶಿಯಲ್ಲಿ ತಡೆದರು. ಅದು ಶ್ರೀಲಂಕಾದಲ್ಲಿ ತಯಾರಾಗಿ 2005ರಲ್ಲಿ ಹೊರಬಂತು.

“ಅದೆಲ್ಲ ಮೇಲ್ಜಾತಿಯವರ ಕಥೆ. ನಮ್ಮಲ್ಲಿ ಉಡಿಕೆ ಇತ್ತಲ್ಲ?” ಎನ್ನುವವರಿದ್ದಾರೆ. ನಿಜ, ಕನ್ನಡ ನಾಡಿನ ಅನೇಕ ಬೇಸಾಯಗಾರ ಜಾತಿಗಳಲ್ಲಿ ವಿಧವೆಗೆ ಸೀರೆ ಉಡಿಸಿ ಮತ್ತೊಬ್ಬನೊಡನೆ ಕೂಡಿಸುವ ಪದ್ಧತಿ ಇತ್ತು. ಆದರೆ ಹಲವೆಡೆ ಅದು ನಡೆಯುತ್ತಿದ್ದುದು ರಾತ್ರಿ ಹೊತ್ತು, ಓಲಗವಿಲ್ಲದೆ. ಮುತ್ತೈದೆಯರು ಅತ್ತ ಸುಳಿಯುತ್ತಿರಲಿಲ್ಲ. ಉಡಿಕೆಯಾದವಳು ಮುಂದೆ ಬೇರೆಯವರ ಮದುವೆಯ ಶಾಸ್ತ್ರಕ್ಕೂ ಸಲ್ಲುತ್ತಿರಲಿಲ್ಲ. ಬಾಳು ಸಿಕ್ಕಿತು, ಮರ್ಯಾದೆ ಸಿಗಲಿಲ್ಲ.

ಕ್ರೈಸ್ತರಾದ ನಾವು ಇದರಿಂದ ಹೊರಗಿದ್ದೇವೆಯೇ? ರೂತಳು ವಿಧವೆ. ಆಕೆ ಬೋವಜನನ್ನು ಮರುಮದುವೆಯಾದಳು, ದಾವೀದನ ವಂಶಕ್ಕೆ ಮುತ್ತಜ್ಜಿಯಾದಳು. ಮತ್ತಾಯನ ಶುಭಸಂದೇಶದ ಮೊದಲ ಅಧ್ಯಾಯದಲ್ಲೇ, ಯೇಸುಸ್ವಾಮಿಯ ವಂಶಾವಳಿಯಲ್ಲಿ ಆಕೆಯ ಹೆಸರಿದೆ. ದೇವಾಲಯದಲ್ಲಿ ವಿಧವೆಯ ಮದುವೆಗೆ ಯಾವ ಅಡ್ಡಿಯೂ ಇಲ್ಲ. ಅಡ್ಡಿ ಇರುವುದು ದೇವಾಲಯದಿಂದ ಮನೆಗೆ ಬಂದ ಮೇಲೆ.

ಗಂಡ ತೀರಿದ ಮೇಲೆ ಕೂಲಿ ಮಾಡಿ, ರಾಗಿ ಬೆಳೆದು ಮಗನನ್ನು ಓದಿಸಿದ ತಾಯಿಯನ್ನು ಅವನ ಮದುವೆಯ ದಿನ ಗಮನಿಸಿ. ಪೂಜೆಯಲ್ಲಿ ಮುಂದಿನ ಸಾಲಿನಲ್ಲೇ ಕುಳಿತಿರುತ್ತಾಳೆ. ಸೊಸೆ ಹೊಸಿಲು ತುಳಿಯುವಾಗ ಮಾತ್ರ ಬಾಗಿಲ ಮರೆಗೆ ಸರಿಯುತ್ತಾಳೆ. ಆರತಿ ತಟ್ಟೆ ಇನ್ನಾರದೋ ಕೈಯಲ್ಲಿ. ಯಾರೂ ಅವಳಿಗೆ ಹಿಂದೆ ಹೋಗು ಎಂದಿಲ್ಲ. ಬಾ ಎಂದೂ ಅಂದಿಲ್ಲ. ಮಗನೇ ಕರೆದರೂ, “ನಾನ್ಯಾಕಪ್ಪ, ನಿಮ್ಮ ಚಿಕ್ಕಮ್ಮನ್ನ ಕರಿ” ಎನ್ನುತ್ತಾಳೆ.