ಎರಡನೆಯವರ ಋಣ

ಪೋಲೆಂಡಿನ ಭೌತವಿಜ್ಞಾನಿ ಮರಿಯನ್ ಸ್ಮೊಲುಖೊವ್ಸ್ಕಿ 1917ರ ಸೆಪ್ಟೆಂಬರಿನಲ್ಲಿ ಕ್ರಾಕೋವ್ ನಗರದಲ್ಲಿ ಆಮಶಂಕೆಗೆ ಬಲಿಯಾದಾಗ ಅವರಿಗೆ 45 ವರ್ಷ. ಅಗಲಿದ ಈ ಸಹಪಥಿಕನ ಬಗ್ಗೆ ಐನ್‌ಸ್ಟೈನ್ ಸ್ಮರಣಲೇಖನ ಬರೆದರು. ಬ್ರೌನಿಯನ್ ಚಲನೆಯ ವಿವರಣೆಯನ್ನು ಐನ್‌ಸ್ಟೈನ್ 1905ರಲ್ಲೇ ಪ್ರಕಟಿಸಿದ್ದರು. ಸ್ಮೊಲುಖೊವ್ಸ್ಕಿಯವರ ಸ್ವತಂತ್ರ ವಿವರಣೆ ಬಂದದ್ದು ಮರುವರ್ಷ. ಮೊದಲು ಬಂದವರಿಗೆ ಪಟ್ಟ ಕಟ್ಟಿ, ಹಿಂದೆ ಬಂದವರನ್ನು ಮರೆಯುವುದು ನಮ್ಮ ರೂಢಿ. ಆ ರೂಢಿಯಿಂದ ವಿಜ್ಞಾನ ಬೆಳೆಯುವ ಬಗೆಯೇ ಕಣ್ಮರೆಯಾಗುತ್ತದೆ.

ಬ್ರೌನಿಯನ್ ಚಲನೆಯಲ್ಲಿ, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳು ಎಡೆಬಿಡದೆ ತುಯ್ದಾಡುವುದೇಕೆ? ಅಣುಗಳ ಹೊಡೆತದಿಂದ ಎಂಬ ಊಹೆಗೆ ಸಸ್ಯವಿಜ್ಞಾನಿ ಕಾರ್ಲ್ ನೇಗೆಲಿ 1879ರಲ್ಲಿ ಬಲವಾದ ಆಕ್ಷೇಪ ಎತ್ತಿದ್ದರು: ಒಂದು ಅಣುವಿನ ಪೆಟ್ಟು ತೀರ ಅಲ್ಪ, ಎಲ್ಲ ದಿಕ್ಕಿನಿಂದ ಬೀಳುವ ಪೆಟ್ಟುಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಸ್ಮೊಲುಖೊವ್ಸ್ಕಿ ಇದಕ್ಕೆ ಉತ್ತರಿಸಿದ್ದು ಜೂಜಿನ ಲೆಕ್ಕದಿಂದ. ನಾಣ್ಯವನ್ನು 10,000 ಸಲ ಚಿಮ್ಮಿದರೆ ಎರಡೂ ಮುಖ ಸರಿಸಮ ಬೀಳುವುದು ಅಪರೂಪ. ಸುಮಾರು 100ರ ಅಂತರ ಸಹಜ. ಎಸೆತಗಳ ಸಂಖ್ಯೆ ಏರಿದಂತೆ ಅದರ ವರ್ಗಮೂಲದ ಪ್ರಮಾಣದಲ್ಲಿ ಅಂತರವೂ ಏರುತ್ತದೆ. ಪ್ರತಿ ಸೆಕೆಂಡಿಗೆ ಕೋಟಿ ಕೋಟಿ ಪೆಟ್ಟು ತಿನ್ನುವ ಕಣಕ್ಕೆ ಆ ಅಂತರವೇ ಸಾಕು, ಅದು ಕದಲುತ್ತದೆ. ಸಾಂಖ್ಯಿಕ ಬಲವಿಜ್ಞಾನ ಸರಾಸರಿಯಿಂದಾಚೆಗೆ, ಸರಾಸರಿಯ ಸುತ್ತಲಿನ ಏರಿಳಿತಗಳತ್ತ ಕಣ್ಣು ಹಾಯಿಸಿದ್ದು ಇಂಥ ವಾದಗಳಿಂದ.

ಸ್ಮೊಲುಖೊವ್ಸ್ಕಿಯವರ ಸೂತ್ರದ ಗುಣಾಂಕ ತಪ್ಪಿತ್ತಲ್ಲ, ಈ ಚಲನೆಯನ್ನು ಅಳೆದ ಫ್ರೆಂಚ್ ಭೌತವಿಜ್ಞಾನಿ ಪೆರಾನ್ ಅವರ ಪ್ರಯೋಗಗಳು ಎತ್ತಿಹಿಡಿದದ್ದು ಐನ್‌ಸ್ಟೈನ್ ಸೂತ್ರವನ್ನಲ್ಲವೇ ಎಂದು ಕೇಳಬಹುದು. ನಿಜ. ಆದರೆ ಗುಣಾಂಕವನ್ನು ತಿದ್ದಬಹುದು. ನೋಡುವ ಬಗೆಯನ್ನು ಯಾರಾದರೂ ಕಲಿಸಬೇಕಾಗುತ್ತದೆ. 1908ರಲ್ಲಿ ಮೊದಲಿಗರ, ಎರಡನೆಯವರ ಪಾತ್ರಗಳು ಅದಲುಬದಲಾದವು. ದ್ರವ-ಅನಿಲಗಳ ಭೇದ ಅಳಿಯುವ ಸಂಧಿಸ್ಥಿತಿಯ ಬಳಿ ವಸ್ತು ಹಾಲಿನಂತೆ ಮಬ್ಬಾಗುವುದು ಸಾಂದ್ರತೆಯ ಏರಿಳಿತಗಳು ಬೆಳಕನ್ನು ಚದುರಿಸುವುದರಿಂದ ಎಂದು ಸ್ಮೊಲುಖೊವ್ಸ್ಕಿ ಮೊದಲು ವಿವರಿಸಿದರು. 1910ರಲ್ಲಿ ಅದನ್ನು ಸಮಗ್ರ ಸೂತ್ರವಾಗಿ ಬೆಳೆಸಿದವರು ಐನ್‌ಸ್ಟೈನ್. ಈ ಸಲ ಎರಡನೆಯವರು ಅವರೇ.

ಈ ಕೊಡುಕೊಳ್ಳುವಿಕೆಯ ಫಲ ನಮ್ಮ ನೆಲಕ್ಕೂ ತಲುಪಿದೆ. ಸಮುದ್ರದ ನೀಲಿಗೆ ಆಕಾಶದ ಪ್ರತಿಬಿಂಬವಷ್ಟೇ ಕಾರಣವೆಂಬ ನಂಬಿಕೆಯನ್ನು ಸಿ.ವಿ. ರಾಮನ್ 1922ರಲ್ಲಿ ಪ್ರಶ್ನಿಸಿ, ನೀರೇ ಬೆಳಕನ್ನು ಚದುರಿಸುತ್ತದೆಂದು ವಾದಿಸಿದಾಗ ಆಧರಿಸಿದ್ದು ಐನ್‌ಸ್ಟೈನ್-ಸ್ಮೊಲುಖೊವ್ಸ್ಕಿ ಸಿದ್ಧಾಂತವನ್ನು. ಆ ದಾರಿಯೇ 1928ರ ರಾಮನ್ ಪರಿಣಾಮದತ್ತ ಸಾಗಿತು. ಪ್ರತಿ ಫೆಬ್ರುವರಿ 28ರ ವಿಜ್ಞಾನ ದಿನದಂದು ನಮ್ಮ ಶಾಲೆಗಳು ರಾಮನ್ ಹೆಸರಿನ ಜೊತೆಗೆ ಅವರಿಗೆ ಆ ಲೆಕ್ಕವನ್ನು ಒದಗಿಸಿಕೊಟ್ಟವರ ಹೆಸರನ್ನೂ ಹೇಳಲಿ. ಆಗ ವಿಜ್ಞಾನ ಮಕ್ಕಳಿಗೆ ಓಟದ ಪಂದ್ಯವಾಗಿ ಕಾಣದೆ, ಕೈಯಿಂದ ಕೈಗೆ ದಾಟುವ ದೀಪವಾಗಿ ಕಂಡೀತು.