ವಿಮಾನ ಎಣಿಸುವವರೇ, ಪೊರಕೆ ಹಿಡಿದ ಕೈಗಳನ್ನೂ ಎಣಿಸಿ!

ದೇವನಹಳ್ಳಿ ಎಂದರೆ ನಮ್ಮ ಹಿರಿಯರಿಗೆ ಚಕ್ಕೋತ ನೆನಪಾಗುತ್ತಿತ್ತು, ಟಿಪ್ಪು ಹುಟ್ಟಿದ ಊರೆಂಬುದು ನೆನಪಾಗುತ್ತಿತ್ತು. ಇಂದಿನ ಬೆಂಗಳೂರಿನ ಹುಡುಗ ಹುಡುಗಿಯರಿಗೆ ನೆನಪಾಗುವುದು ಒಂದೇ: ಏರ್‌ಪೋರ್ಟು! ಬೆಳಗಿನ ಜಾವದ ವಿಮಾನಕ್ಕೆ ಓಡುವ ಗೆಳೆಯರೇ, ನೀವು ಎಂದಾದರೂ ಆ ಊರಿನೊಳಗೆ ಕಾಲಿಟ್ಟಿದ್ದೀರಾ? ಅದೇ ಹೊತ್ತಿನಲ್ಲಿ ಅಲ್ಲಿನ ಬಸ್‌ಸ್ಟ್ಯಾಂಡ್ ಗುಡಿಸುವ ಹೆಂಗಸನ್ನು ನೋಡಿದ್ದೀರಾ? ನಾಳೆ ಆಕೆ ಕಾಯಿಲೆ ಬಿದ್ದರೆ ಆಸ್ಪತ್ರೆಯ ಖರ್ಚು ಯಾರದು?

ಮೊದಲು ಏರ್‌ಪೋರ್ಟಿನ ವೈಭವ ನೋಡೋಣ. ಸುಮಾರು 4,000 ಎಕರೆ ನೆಲ. 2008ರ ಮೇ ತಿಂಗಳಲ್ಲಿ ಶುರುವಾಯಿತು. 2013ರಲ್ಲಿ ನಾಡಪ್ರಭು ಕೆಂಪೇಗೌಡರ ಹೆಸರು ಬಂತು. 2019ರಲ್ಲಿ ಎರಡನೇ ರನ್‌ವೇ, 2022ರಲ್ಲಿ ಎರಡನೇ ಟರ್ಮಿನಲ್, ಅದೇ ವರ್ಷ 108 ಅಡಿಯ ಕೆಂಪೇಗೌಡರ ಪ್ರತಿಮೆ. 2024ರಲ್ಲಿ ವರ್ಷಕ್ಕೆ 4 ಕೋಟಿ ಪ್ರಯಾಣಿಕರ ಗಡಿ ದಾಟಿತು. ಒಬ್ಬೊಬ್ಬ ಪ್ರಯಾಣಿಕನನ್ನೂ ಎಣಿಸುತ್ತಾರೆ. ಟಿಕೆಟ್ಟಿನಲ್ಲೇ ಬಳಕೆದಾರರ ಅಭಿವೃದ್ಧಿ ಶುಲ್ಕ ಸೇರಿಸಿ ವಸೂಲು ಮಾಡುತ್ತಾರೆ. ಲೆಕ್ಕದಲ್ಲಿ ಒಂದು ತಲೆಯೂ ತಪ್ಪುವುದಿಲ್ಲ.

ಇನ್ನು ಪಕ್ಕದ ಊರಿನ ಲೆಕ್ಕ ಕೇಳಿ. ಕೈಯಲ್ಲಿರುವುದು 2011ರ ಜನಗಣತಿ. ಆಗ ದೇವನಹಳ್ಳಿ ಪಟ್ಟಣದ ಜನಸಂಖ್ಯೆ 28 ಸಾವಿರದ ಆಸುಪಾಸು. ಮೊದಲ ವಿಮಾನ ಹಾರಿ ಮೂರೇ ವರ್ಷವಾಗಿದ್ದ ಕಾಲ ಅದು! 700 ಜನಕ್ಕೆ ಒಬ್ಬ ಪೌರಕಾರ್ಮಿಕ ಎಂಬುದು ನಮ್ಮ ಸರ್ಕಾರದ ಸೂತ್ರ. ಭಾಗಿಸಿ ನೋಡಿ, 40 ಜನ. ಆಮೇಲೆ ಬಂದ ಬಾಡಿಗೆ ಮನೆಗಳು, ಪೀಜಿಗಳು, ಹೋಟೆಲುಗಳು, ಟ್ಯಾಕ್ಸಿ ಚಾಲಕರು, ಕಟ್ಟಡ ಕೂಲಿಗಳು, ಇವರ್ಯಾರೂ ಆ ಲೆಕ್ಕದಲ್ಲಿಲ್ಲ. ಆದರೆ ಇವರೆಲ್ಲರ ಕಸ ಮಾತ್ರ ಬೀದಿಯಲ್ಲಿದೆ!

ಈಗ ವಿಮೆಯ ಮಾತಿಗೆ ಬರೋಣ. ಇಎಸ್‌ಐ ಲೆಕ್ಕದಲ್ಲಿ ನೌಕರನ ಸಂಬಳದಿಂದ ಶೇ. 0.75 ಕಡಿತ, ಮಾಲೀಕನ ಪಾಲು ಶೇ. 3.25. 2019ರ ಜುಲೈನಿಂದ ಇರುವ ದರ ಇದು. 20,000 ರೂಪಾಯಿ ಸಂಬಳಕ್ಕೆ ನೌಕರನದು 150, ಮಾಲೀಕನದು 650. 40 ಜನರಿಗೆ ಮಾಲೀಕನ ಪಾಲು ತಿಂಗಳಿಗೆ 26,000, ವರ್ಷಕ್ಕೆ 3 ಲಕ್ಷದ 12 ಸಾವಿರ. ಇಷ್ಟೇ ಸ್ವಾಮಿ! ಇಷ್ಟಕ್ಕೆ ಕುಟುಂಬಕ್ಕೆ ಚಿಕಿತ್ಸೆ, ಕಾಯಿಲೆಯಲ್ಲಿ ಮಲಗಿದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ. 70, ಹೆರಿಗೆಗೆ 26 ವಾರದ ಸಂಬಳ. ಆದರೆ ಹಣ ಮುಂದಿನ ತಿಂಗಳ 15ರೊಳಗೆ ಜಮಾ ಆಗಬೇಕು. ಆಗದಿದ್ದರೆ ಕಾರ್ಡು ಹಿಡಿದುಕೊಂಡು ಕೌಂಟರಿನಿಂದ ಕೌಂಟರಿಗೆ ಅಲೆಯುವವಳು ಪೊರಕೆ ಹಿಡಿದವಳೇ.

ಯಾವುದೇ ಪಟ್ಟಣದಲ್ಲಿ ಕೇಳಿ, 'ಅದು ಗುತ್ತಿಗೆದಾರನ ಜವಾಬ್ದಾರಿ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಇದು ಸುಳ್ಳು ಸಬೂಬು. ಗುತ್ತಿಗೆ ನೌಕರನ ವಂತಿಗೆಯನ್ನು ಮೊದಲು ಕಟ್ಟಬೇಕಾದವನು ಮೂಲ ಮಾಲೀಕ, ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು ಎಂದು 1948ರ ಇಎಸ್‌ಐ ಕಾಯ್ದೆಯೇ ಹೇಳಿತ್ತು. ಊರಿನ ಕಸಕ್ಕೆ ಮೂಲ ಮಾಲೀಕ ಯಾರು? ಪುರಸಭೆಯಲ್ಲದೆ ಮತ್ತ್ಯಾರು?

ಪುರಸಭೆಯದೂ ಒಂದು ನ್ಯಾಯವಿದೆ, ಅದನ್ನೂ ಹೇಳಬೇಕು. ಏರ್‌ಪೋರ್ಟು ಅದರ ಗಡಿಯಾಚೆ ಇದೆ. ಶುಲ್ಕ ವಿಮಾನ ನಿಲ್ದಾಣದ ಕಂಪನಿಗೆ, ಯೋಜನೆಯ ಅಧಿಕಾರ ಬಿಯಾಪಾ ಎಂಬ ಪ್ರಾಧಿಕಾರಕ್ಕೆ, ಕಸ ಮಾತ್ರ ಪುರಸಭೆಗೆ. ಹಾಗಾದರೆ ಕೇಳಬೇಕಾದದ್ದು ವಿಧಾನಸೌಧವನ್ನು. ಆ ಕಂಪನಿಯಲ್ಲಿ ಕರ್ನಾಟಕ ಸರ್ಕಾರದ ನಿಗಮಕ್ಕೆ ಶೇ. 13 ಪಾಲಿದೆ. ಆ ಪಾಲು ಕನ್ನಡಿಗರದು. ಅದರ ಒಂದು ಚೂರಾದರೂ ವಿಮಾನ ನಿಲ್ದಾಣದ ಸುತ್ತಲಿನ ಊರುಗಳ ಪೌರಕಾರ್ಮಿಕರ ಆಸ್ಪತ್ರೆಗೆ ಏಕೆ ಬರಬಾರದು?

ಬೇಡದೆ ಇದ್ದವರಿಗೆ ಯಾರೂ ಕೊಟ್ಟಿಲ್ಲ. 2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಬೀದಿಗಿಳಿದರು. ಎರಡೇ ತಿಂಗಳಲ್ಲಿ 11,133 ಮಂದಿಯನ್ನು ಖಾಯಂ ಮಾಡುವ ತೀರ್ಮಾನ ಹೊರಬಿತ್ತು. ಅದಕ್ಕೇ ನಮ್ಮ ಒತ್ತಾಯ ಮೂರು. ವಿಮೆಯ ಹಣ ಜಮಾ ಆದ ರಸೀದಿ ನೋಡದೆ ಯಾವ ಗುತ್ತಿಗೆದಾರನ ಬಿಲ್ಲೂ ಪಾಸಾಗಬಾರದು. ಯಾರ ಹೆಸರಿಗೆ ಎಷ್ಟು ಜಮಾ ಆಯಿತೆಂದು ಪ್ರತಿ ತಿಂಗಳೂ ಕಚೇರಿಯ ಗೋಡೆಯ ಮೇಲೆ ಕನ್ನಡದಲ್ಲಿ ಅಂಟಿಸಬೇಕು. ಮತ್ತು 2011ರ ತಲೆಲೆಕ್ಕ ಬಿಟ್ಟು ಇಂದಿನ ಜನ ನೋಡಿ ಕೆಲಸಗಾರರನ್ನು ನೇಮಿಸಬೇಕು.

ಗೆಳೆಯರೇ, ನೀವು ಮಾಡಬೇಕಾದದ್ದು ದೊಡ್ಡದೇನಲ್ಲ. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ. ಕನ್ನಡದಲ್ಲೇ ಬರೆಯಿರಿ: ನಿಮ್ಮಲ್ಲಿ ಖಾಯಂ ಎಷ್ಟು, ಗುತ್ತಿಗೆ ಎಷ್ಟು? ಕಳೆದ ಆರು ತಿಂಗಳ ಇಎಸ್‌ಐ ಹಣ ಯಾವ ಯಾವ ತಾರೀಕಿಗೆ ಜಮಾ ಆಯಿತು? ದೇವನಹಳ್ಳಿಗೆ ಮಾತ್ರವಲ್ಲ, ನಿಮ್ಮ ನಿಮ್ಮ ಊರಿಗೂ ಹಾಕಿ. ಏರ್‌ಪೋರ್ಟಿನ ಒಂದು ಕಾಫಿಯ ದುಡ್ಡಿನಲ್ಲಿ ಹತ್ತಾರು ಅರ್ಜಿ ಹಾಕಬಹುದು. ಇಂದೇ ಹಾಕಿ!